ಪಾಸ್‌ಪೋರ್ಟ್ ಫೋಟೋ, ಮಲ್ಲಯ್ಯನ ಕೂದಲು

ನನ್ನ ಮಗಳ ತಲೆಗೂದಲು ಎರಡೂವರೆ ವರ್ಷ ಅವಳದಾಗಿರಲಿಲ್ಲ. ಮಂಗಸೂಳಿ ಮಲ್ಲಯ್ಯನದಾಗಿತ್ತು. ಎಣ್ಣೆ ಹಚ್ಚುವುದು, ಸಿಕ್ಕು ಬಿಡಿಸುವುದು, ಹೇನು ನೋಡುವುದು ನನ್ನ ಪಾಲಿಗೆ. ಒಡೆತನ ಮಾತ್ರ ದೇವರದು.

ಇದೆಲ್ಲ ನಮ್ಮ ಅತ್ತೆಯ ಕೆಲಸ. ಪಶ್ಚಿಮ ಕೀನ್ಯಾದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನಾನು ಒಂದೂವರೆ ದಿನ ಹೆರಿಗೆ ಬೇನೆ ತಿನ್ನುತ್ತಿದ್ದಾಗ, ಉಗಾರ ಬುದ್ರುಕದ ಮನೆಯಲ್ಲಿ ಅವರು ಫೋನು ಕಿವಿಗೆ ಹಿಡಿದುಕೊಂಡೇ ದೇವರ ಕೋಣೆಗೆ ಹೋಗಿ, ಮಲ್ಲಯ್ಯನ ಅರಿಶಿನಪುಡಿಯ ಭಂಡಾರ ಮುಟ್ಟಿ ಹರಕೆ ಹೊತ್ತರು. ತಾಯಿ ಕೂಸು ಇಬ್ಬರೂ ಗಟ್ಟಿಯಾಗಿ ಉಳಿದರೆ ಕೂಸಿನ ಜಾವಳ ಮಂಗಸೂಳಿಯಲ್ಲೇ. ಅಲ್ಲಿಯವರೆಗೆ ತಲೆಗೆ ಕತ್ತರಿ ಸೋಕಿಸುವುದಿಲ್ಲ. ಹುಟ್ಟುಗೂದಲನ್ನು ಮೊದಲ ಸಲ ತೆಗೆಸುವ ಜಾವಳ ನಮ್ಮಲ್ಲಿ ಎಲ್ಲ ಮಕ್ಕಳಿಗೂ ಆಗುತ್ತದೆ. ಆದರೆ ನಡುವೆ ಒಂದು ಸಮುದ್ರ ಇಟ್ಟುಕೊಂಡು ಇಂಥ ಹರಕೆ ಹೊರುವ ಧೈರ್ಯ ನಮ್ಮತ್ತೆಗೆ ಮಾತ್ರ ಇದ್ದೀತು.

ನನಗೆ ದೇವರ ಮೇಲೆ ನಂಬಿಕೆ ಎಷ್ಟು ಎಂದು ಕೇಳಿದರೆ ಸರಿಯಾಗಿ ಹೇಳಲಾರೆ. ಅತ್ತೆಯ ಮೇಲೆ ಭಯ ಎಷ್ಟು ಎಂದು ಕೇಳಿದರೆ ತಕ್ಷಣ ಹೇಳಬಲ್ಲೆ. ಹಾಗಾಗಿ ಕೂದಲನ್ನು ಜೋಪಾನ ಮಾಡಿದೆ.

ಜಾವಳದಲ್ಲಿ ನನಗೆ ಇನ್ನೊಂದು ಚಿಂತೆಯೂ ಇತ್ತು. ಕೂಸು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಮೊದಲ ಕತ್ತರಿ ಅವನು ಆಡಿಸಬೇಕು, ಆಮೇಲೆ ಕ್ಷೌರದವರ ಕೆಲಸ. ನನಗೆ ಅಣ್ಣತಮ್ಮಂದಿರಿಲ್ಲ. ನನ್ನ ತವರು ದಿಗ್ಗೇವಾಡಿಯ ಮನೆಯಲ್ಲಿ ನಾವು ನಾಲ್ವರೂ ಹೆಣ್ಣುಮಕ್ಕಳೇ. ಪ್ರತಿ ಕಾರ್ಯದಲ್ಲೂ ಯಾರಾದರೊಬ್ಬರು "ಸೋದರಮಾವ ಯಾರ?" ಎಂದು ಕೇಳುತ್ತಾರೆ, ಅವ್ವ ಸೆರಗು ಸರಿಮಾಡಿಕೊಂಡು ಏನೋ ಮರೆತವಳಂತೆ ಒಳಗೆ ಹೋಗಿಬಿಡುತ್ತಾಳೆ. ಆಮೇಲೆ ದೊಡ್ಡಪ್ಪನ ಮಗನನ್ನು ಎರವಲು ತರುತ್ತಾರೆ. ಹಿರಿಯಕ್ಕನ ಮಗನ ಜಾವಳದ ದಿನ ಆ ಎರವಲು ಮಾವನ ಬಸ್ಸು ಕಾಗವಾಡದಲ್ಲೇ ಕೆಟ್ಟು ನಿಂತು, ಹಾಲು ಹಾಕಲು ಬಂದಿದ್ದ ಗೌಳಿಯನ್ನು ಹಿಡಿದು ಕೂರಿಸಿದ್ದರು. ಎಲ್ಲರೂ ನಕ್ಕಿದ್ದರು. ಅವ್ವ ನಕ್ಕಿರಲಿಲ್ಲ.

ಇನ್ನು ನಾವು ಕೀನ್ಯಾಕ್ಕೆ ಹೋದದ್ದು. ನನ್ನ ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನ್‌ಮನ್, ಅಂದರೆ ಕಬ್ಬಿನ ಪಾಕ ಕುದಿಸಿ ಹರಳು ಕಟ್ಟಿಸುವವರು. ಕುದಿಯುವ ಪಾಕದ ಒಂದು ಹನಿ ಗಾಜಿನ ಮೇಲೆ ಹಚ್ಚಿ ನೋಡಿ, ಹರಳು ಎಷ್ಟು ಬಲಿತಿದೆ ಎಂದು ಹೇಳಬಲ್ಲರು. ಮನೆಯಲ್ಲಿ ಚಹಾ ಉಕ್ಕಿ ಒಲೆಯ ಮೇಲೆ ಹರಿದರೂ ಗೊತ್ತಾಗುವುದಿಲ್ಲ, ಆ ಮಾತು ಬೇರೆ. ನಮ್ಮ ಕಡೆಯ ಕಾರ್ಖಾನೆಗಳಲ್ಲಿ ಕೈ ಪಳಗಿದವರನ್ನು ಆಫ್ರಿಕಾದ ಕಾರ್ಖಾನೆಗಳು ಕರೆಯುತ್ತವೆ. ಇವರನ್ನೂ ಕರೆದವು, ಹೋದೆವು. ಮಗಳು ಅಲ್ಲೇ ಹುಟ್ಟಿದಳು.

ಕಾರ್ಖಾನೆ ದುರಸ್ತಿಗೆ ನಿಲ್ಲುವ ಮೂರು ವಾರ ಇವರಿಗೆ ರಜೆ ಸಿಕ್ಕಿತು. ಕೂಸು ಹುಟ್ಟುವ ಮೊದಲೇ ಕುಲಾವಿ ಎಂಬಂತೆ, ಇವರು ಮೊದಲು ವಿಮಾನದ ಟಿಕೆಟ್ ತೆಗೆಸಿದರು. ಮಗಳಿಗೆ ಇನ್ನೂ ಪಾಸ್‌ಪೋರ್ಟೇ ಆಗಿಲ್ಲ ಎಂಬುದು ನಾನು ನೆನಪಿಸಿದ ಮೇಲೆ ನೆನಪಾಯಿತು. ಗೋಡೆಗೆ ಬಿಳಿ ಚಾದರ ಕಟ್ಟಿ ತಾವೇ ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದರು. ಅದು ಮರಳಿ ಬಂತು. ಹುಬ್ಬು ಕಾಣುತ್ತಿಲ್ಲ, ಕಣ್ಣಿನ ಮೇಲೆ ಕೂದಲು ಬಿದ್ದಿದೆ, ಬೇರೆ ಫೋಟೋ ಬೇಕು.

"ನೀನ ಸ್ಟುಡಿಯೋಕ್ಕ ಹೋಗಿ ಬಾ. ಅರ್ಧ ತಾಸಿನ ಕೆಲಸ," ಎಂದು ಇವರು ಪಾಳಿಗೆ ಹೊರಟರು.

ಎರಡೂವರೆ ವರ್ಷದ ಕೂಸನ್ನು ಕರೆದುಕೊಂಡು ಹೋಗುವ ಯಾವ ಕೆಲಸಕ್ಕೇ ಆಗಲಿ, ಅರ್ಧ ತಾಸು ಎನ್ನುವವರು ಅದನ್ನು ಒಮ್ಮೆಯೂ ಮಾಡಿರುವುದಿಲ್ಲ. ಕಾಲೊನಿಯ ಗೇಟಿನಿಂದ ಮಾರುಕಟ್ಟೆಗೆ ನಾನೊಬ್ಬಳೇ ನಡೆದರೆ ಹತ್ತು ನಿಮಿಷ. ಆ ದಿನ ಐವತ್ತು ನಿಮಿಷ ಹಿಡಿಯಿತು. ಮೊದಲು ಕಬ್ಬಿನ ಟ್ರ್ಯಾಕ್ಟರು ಬಂತು. ನೆಲ ಕೆಂಪು ಎಂಬುದೊಂದು ಬಿಟ್ಟರೆ ಆ ರಸ್ತೆ ಥೇಟ್ ನಮ್ಮ ಉಗಾರದ ರಸ್ತೆಯೇ: ಎರಡೂ ಬದಿಗೆ ಕಬ್ಬು, ನಡುವೆ ಬಿದ್ದ ಗಳ, ಅದನ್ನು ಹೆಕ್ಕಲು ಓಡುವ ಮಕ್ಕಳು. ನನ್ನ ಮಗಳಿಗೂ ಒಂದು ಗಳ ಬೇಕಾಯಿತು. ಅವಳಿಗಿಂತ ಅದೇ ಉದ್ದ ಇತ್ತು. ಅದನ್ನು ಎಳೆದುಕೊಂಡು ಬರುವಾಗ ಒಂದು ಹೇಂಟೆ ಮರಿಗಳೊಂದಿಗೆ ಅಡ್ಡ ಬಂತು.

"ಅವ್ವಾ, ಕುಕು," ಎಂದಳು. ಕೋಳಿಗೆ ಅಲ್ಲಿನ ಸ್ವಾಹಿಲಿಯಲ್ಲಿ ಕುಕು ಎನ್ನುತ್ತಾರೆ. "ಕುಕು, ಬಾ. ಮನಿಗೆ ಬಾ."

ಕೋಳಿ ಬರಲಿಲ್ಲ. ಮಗಳು ಕೆಂಪು ಮಣ್ಣಿನಲ್ಲಿ ಕೂತಳು. ಬಾಳೆಹಣ್ಣು ಮಾರುವ ಹೆಂಗಸೊಬ್ಬಳು ಎದ್ದು ಬಂದು ಅವಳ ಕೂದಲು ಮುಟ್ಟಿ ನೋಡಿ, ಇಷ್ಟು ಸೆಕೆಯಲ್ಲಿ ಇದನ್ನೇಕೆ ಬೋಳಿಸಿಲ್ಲ ಎಂದು ಕೇಳಿದಳು. ಅಲ್ಲಿ ಶಾಲೆಗೆ ಹೋಗುವ ಹೆಣ್ಣುಮಕ್ಕಳ ತಲೆಯೂ ನುಣ್ಣಗಿರುತ್ತದೆ. ದಿನಕ್ಕೊಬ್ಬರಾದರೂ ಈ ಪ್ರಶ್ನೆ ಕೇಳುತ್ತಿದ್ದರು, ನಾನು ದಿನವೂ ನಕ್ಕು ಮುಂದೆ ಹೋಗುತ್ತಿದ್ದೆ. ನಿಜ ಹೇಳಬೇಕೆಂದರೆ ಆ ನಡಿಗೆಗಳೆಂದರೆ ನನಗೆ ಇಷ್ಟ. ಉಗಾರದಲ್ಲಿ ಸೊಸೆಯಾದವಳು ಕೂಸಿನ ಜೊತೆ ರಸ್ತೆಯಲ್ಲಿ ಐವತ್ತು ನಿಮಿಷ ಕಳೆದರೆ ಐವತ್ತು ಮಂದಿ ಕೇಳುತ್ತಾರೆ. ಅಲ್ಲಿ ಕೀನ್ಯಾದಲ್ಲಿ ಕೇಳುವವರು ಕೂದಲಿನ ಬಗ್ಗೆ ಮಾತ್ರ ಕೇಳುತ್ತಿದ್ದರು.

ಸ್ಟುಡಿಯೋ ಅಂದರೆ ಒಂದೇ ಕೋಣೆ. ಒಂದು ಗೋಡೆಗೆ ಬಿಳಿ ಬಣ್ಣ, ಅದರ ಮುಂದೆ ಪ್ಲಾಸ್ಟಿಕ್ ಸ್ಟೂಲು, ಮೂಲೆಯಲ್ಲಿ ಮೇಜು. ಫೋಟೋದವರು ನಲವತ್ತೈದರ ಆಸುಪಾಸಿನವರು, ಇಸ್ತ್ರಿ ಅಂಗಿ ತೊಟ್ಟ ಸಾವಕಾಶದ ಮನುಷ್ಯ. ಅವರ ಇಂಗ್ಲಿಷು, ನನ್ನ ಸಂತೆಯ ಸ್ವಾಹಿಲಿ, ಎರಡನ್ನೂ ಕಲಸಿ ಮಾತಾಡುತ್ತಿದ್ದೆವು.

ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ ಮುಂಗೂದಲಿಗೆ ಎರಡು ಪಿನ್ನು ಹಾಕಿದೆ. ಅವಳು ಎರಡನ್ನೂ ಕಿತ್ತು, ದೊಡ್ಡವರಂತೆ ಎದ್ದು ಹೋಗಿ ಫೋಟೋದವರ ಕೈಯಲ್ಲಿಟ್ಟು ಬಂದಳು. ಜುಟ್ಟು ಕಟ್ಟಿದೆ. ರಬ್ಬರ್ ಬ್ಯಾಂಡೂ ಅವರ ಕೈಗೇ ಹೋಯಿತು. ತಲೆಯ ಮೇಲೆ ಏನಿದ್ದರೂ ಅವಳಿಗೆ ಆಗುವುದಿಲ್ಲ. ಕೊನೆಗೆ ಬ್ಯಾಗಿನಿಂದ ಕೊಬ್ಬರಿಎಣ್ಣೆಯ ಬಾಟಲಿ ತೆಗೆದೆ. ಬಗ್ಗದ ಕೂದಲಿಗೆ ಎಣ್ಣೆ ಎಂಬುದು ನಮ್ಮ ಕಡೆ ಹೆಂಗಸರ ಮೊದಲ ಉಪಾಯ, ಕೊನೆಯದೂ ಅದೇ. ಸುರಿದು, ತಟ್ಟಿ, ಹಿಂದಕ್ಕೆ ನೀವಿ ಕೂರಿಸಿದೆ. ಫ್ಲ್ಯಾಶ್ ಬಿತ್ತು. ಅವರು ಕ್ಯಾಮೆರಾ ತಿರುಗಿಸಿ ತೋರಿಸಿದರು. ಹಣೆ ಇರಬೇಕಾದ ಜಾಗದಲ್ಲಿ ಬಲ್ಬು ಉರಿಯುತ್ತಿತ್ತು.

ಅವರು ತಮ್ಮ ಕರವಸ್ತ್ರದಿಂದ ಎಣ್ಣೆ ಒರೆಸಿ ಪೌಡರ್ ಹಚ್ಚಿದರು. ಎಣ್ಣೆ ಹೋಯಿತು, ಕೂದಲು ಮತ್ತೆ ಹುಬ್ಬಿನ ಮೇಲೆ ಬಿತ್ತು.

"ತಾಯಿ, ಮುಂದುಗಡೆ ಎರಡು ಬೆರಳಗಲ ಕತ್ತರಿಸಿದರೆ ಆಯಿತಲ್ಲ," ಎಂದು ಅವರು ಮೇಜಿನ ಮೇಲಿದ್ದ ಕತ್ತರಿ ತೆಗೆದುಕೊಂಡರು.

ನಾನು ಕೂಸಿಗೂ ಕತ್ತರಿಗೂ ನಡುವೆ ನಿಂತೆ. ನನಗೆ ಬರುತ್ತಿದ್ದ ಅಷ್ಟಿಷ್ಟು ಸ್ವಾಹಿಲಿಯಲ್ಲೇ ಹೇಳಿದೆ: ಈ ಕೂದಲು ದೇವರದು. ದೇವರ ಊರು ದೂರ. ಅಲ್ಲಿಗೆ ಹೋಗಲಿಕ್ಕೇ ಈ ಫೋಟೋ. ಅಲ್ಲಿಯವರೆಗೆ ಕತ್ತರಿ ಇಲ್ಲ.

ಅವರು ನಗಲಿಲ್ಲ. "ದೇವರದಾದರೆ ನಾನು ಮುಟ್ಟುವುದಿಲ್ಲ," ಎಂದು ಕತ್ತರಿಯನ್ನು ಮೇಜಿನ ಮೇಲಿಟ್ಟರು. "ಎಣ್ಣೆ ಪೂರ್ತಿ ಆರಲಿ, ಮತ್ತೆ ಪ್ರಯತ್ನ ಮಾಡೋಣ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದರೆ ಏನೆಂದು ಆ ಹೊತ್ತು ಅರ್ಥವಾಯಿತು. ಸಿಟ್ಟು ತೀರಿಸಿಕೊಳ್ಳಲು ಬಾಗಿಲ ಹೊರಗೆ ನಿಂತು ಗಂಡನಿಗೆ ಫೋನು ಮಾಡಿದೆ. ಟಿಕೆಟ್ ಮೊದಲು ತೆಗೆಸಿದ್ದು ಯಾರು, ಚಾದರ ಕಟ್ಟಿದ್ದು ಯಾರು, ಅರ್ಧ ತಾಸಿನ ಕೆಲಸ ಎಂದದ್ದು ಯಾರು ಎಂದು ಒಂದೊಂದಾಗಿ ಕೇಳತೊಡಗಿದೆ. ಅಷ್ಟರಲ್ಲಿ ಫೋಟೋದವರು ಬೇರೆ ಗಿರಾಕಿಯ ಫೋಟೋಗಳ ಹಾಳೆ ಹಿಡಿದು ಕತ್ತರಿಸಲು ಕೂತಿದ್ದರು. ಮಗಳು ಅಳುಮುಖ ಮಾಡಿಕೊಂಡು ಅವರ ಮೊಣಕಾಲು ಹಿಡಿದಳು. ಪಾಪ, ಅವರು ಅವಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಕತ್ತರಿಯ ಹಿಡಿಯ ಮೇಲೆ ಅವಳ ಪುಟ್ಟ ಕೈ ಇಡಿಸಿ, ಅದರ ಮೇಲೆ ತಮ್ಮ ಕೈಯಿಟ್ಟು ಕಾಗದ ಕತ್ತರಿಸುವ ಆಟ ಹೂಡಿದರು. ಕಚ್ ಕಚ್ ಎಂದು ಕಾಗದದ ಪಟ್ಟಿ ಬೀಳುತ್ತಿತ್ತು, ಅವಳು ನಗುತ್ತಿದ್ದಳು. ಬಾಗಿಲಿನಿಂದ ಅದನ್ನು ನೋಡಿ ನನಗೂ ಸಮಾಧಾನವಾಗಿ ಮತ್ತೆ ಗಂಡನ ಕಡೆ ತಿರುಗಿದೆ.

ಇನ್ನೊಂದು ಕಚ್ ಕೇಳಿಸಿತು. ಕಾಗದದ್ದಲ್ಲ ಎಂದು ಕಿವಿಗೆ ಗೊತ್ತಾಯಿತು.

ಒಳಗೆ ಓಡಿ ಬಂದೆ. ಅವಳು ಅವರ ಕೈಯನ್ನೂ ಸೇರಿಸಿ ಕತ್ತರಿಯನ್ನು ತನ್ನ ಹಣೆಗೇ ಎತ್ತಿದ್ದಳು. ಕಣ್ಣಿನ ಮೇಲೆ ಬೀಳುತ್ತಿದ್ದ ಅಷ್ಟೂ ಕೂದಲು ಅವಳ ಫ್ರಾಕಿನ ಮೇಲೆ ಬಿದ್ದಿತ್ತು. ಕತ್ತರಿ ಇನ್ನೂ ಇಬ್ಬರ ಕೈಯಲ್ಲೂ ಇತ್ತು. ಅವರು ಕಲ್ಲಾಗಿ ಕೂತಿದ್ದರು.

ನಾನು ಬೈದೆ. ಕನ್ನಡದಲ್ಲೇ ಬೈದೆ, ಬೈಯಲು ನನಗೆ ಬೇರೆ ಭಾಷೆ ಬರುವುದಿಲ್ಲ. "ಏನ ಮಾಡಿ ಇಟ್ಟರಿ ಇದನ್ನ? ನಮ್ಮತ್ತಿಗೆ ಏನ ಹೇಳಲಿ ಈಗ? ಎರಡೂವರಿ ವರ್ಷ ಕಾದೇನಿ ನಾ," ಎಂದು ದಿಗ್ಗೇವಾಡಿಯ ಅಷ್ಟೂ ದನಿಯಲ್ಲಿ ಕೂಗಿ, ಆಮೇಲೆ ಅದೇ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ನಾನು ಅತ್ತೆನೆಂದು ಮಗಳೂ ಅತ್ತಳು. ಹರಕೆ ಮುರಿದಿತ್ತು. ಆ ಆಸ್ಪತ್ರೆಯ ರಾತ್ರಿ, ಫೋನಿನಲ್ಲಿ ಕೇಳಿಸುತ್ತಿದ್ದ ಅತ್ತೆಯ ಉಸಿರು, ಎಲ್ಲ ನೆನಪಾಯಿತು. ಕೂಸಿಗೆ ಏನಾದರೂ ಆದರೆ ಎಂಬ ಭಯವೂ ಬಂತು. ನಂಬಿಕೆ ಎಷ್ಟಿದೆ ಎಂದು ಅಲ್ಲಿಯವರೆಗೆ ಅಳೆದು ನೋಡಿರಲಿಲ್ಲ, ಆವತ್ತು ನೋಡಿದೆ.

ಅವರಿಗೆ ನನ್ನ ಒಂದು ಮಾತೂ ಅರ್ಥವಾಗಿರಲಿಕ್ಕಿಲ್ಲ, ಆದರೂ ಎಲ್ಲವೂ ಅರ್ಥವಾಗಿತ್ತು. ಮಗಳನ್ನು ನನ್ನ ಮಡಿಲಿಗೆ ಕೊಟ್ಟು, ಇಸ್ತ್ರಿ ಪ್ಯಾಂಟಿನಲ್ಲೇ ನೆಲದ ಮೇಲೆ ಮೊಣಕಾಲೂರಿದರು. ಉದುರಿದ ಕೂದಲನ್ನು ಒಂದೊಂದಾಗಿ ಆರಿಸಿದರು. ಫೋಟೋ ಹಾಕಿಕೊಡುವ ಸಣ್ಣ ಲಕೋಟೆಯಲ್ಲಿ ಹಾಕಿ, ಬಾಯಿಗೆ ಅಂಟು ಹಚ್ಚಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ಆಮೇಲೆ ಅಂಜುತ್ತ ಅಂಜುತ್ತ ಹೇಳಿದರು: "ತಾಯಿ, ಈಗ ಹುಬ್ಬು ಕಾಣುತ್ತಿವೆ."

ನೋಡಿದೆ. ಕಾಣುತ್ತಿದ್ದವು. ಒಂದೇ ಕ್ಲಿಕ್ಕಿಗೆ ಫೋಟೋ ಆಯಿತು. ಅತ್ತು ಕೆಂಪಾದ ಕಣ್ಣು, ಮುಂದೆ ಇಲಿ ಕಡಿದಂತೆ ಅಂಕುಡೊಂಕಾದ ಕೂದಲು. ಇವತ್ತಿಗೂ ಆ ಪಾಸ್‌ಪೋರ್ಟು ತೆರೆದರೆ ನನಗೆ ನಗು ಬರುತ್ತದೆ. ಅವತ್ತು ಬರಲಿಲ್ಲ.

ಸಂಜೆ ಪಾಳಿ ಮುಗಿಸಿ ಬಂದ ಗಂಡ ಮಗಳನ್ನು ನೋಡಿ ನಗಲು ಹೋಗಿ, ನನ್ನ ಮುಖ ನೋಡಿ ನಿಲ್ಲಿಸಿದರು. "ಅವ್ವಗ ಹೇಳಬ್ಯಾಡ," ಎಂದರು. ದೊಡ್ಡ ಧೈರ್ಯವಂತರು. ನಾಲ್ಕು ದಿನ ವಿಡಿಯೋ ಕಾಲ್ ಬಂದಾಗಲೆಲ್ಲ ಮಗಳ ತಲೆಗೆ ಟೊಪ್ಪಿಗೆ ಹಾಕಿದೆವು. ತಲೆಯ ಮೇಲೆ ಏನನ್ನೂ ಇಟ್ಟುಕೊಳ್ಳದ ಹುಡುಗಿಗೆ ಟೊಪ್ಪಿಗೆ. ಪ್ರತಿ ಸಲವೂ ಅವಳು ಕೀಳುವುದರೊಳಗೆ ನೆಟ್‌ವರ್ಕ್ ಹೋಯಿತೆಂದು ಫೋನು ಕತ್ತರಿಸಿದೆವು. ಐದನೆಯ ದಿನ ಅವಳೇ ಗೆದ್ದಳು.

"ಸೆಕಿ ಅಂತಿ, ಕೂಸಿಗೆ ಟೊಪ್ಪಿಗಿ ಹಾಕಿ ಯಾಕ ಕುಂದರಿಸಿ ಬೇ?" ಎಂದು ಅತ್ತೆ ಕೇಳುತ್ತಿದ್ದಂತೆಯೇ, ಮಗಳು ಟೊಪ್ಪಿಗೆ ಕಿತ್ತೊಗೆದು ಹಣೆ ತೋರಿಸಿದಳು. "ಆಯಿ, ನೋಡ. ಕಚ್."

ಅಜ್ಜಿಯನ್ನು ಅವಳು ಆಯಿ ಎನ್ನುತ್ತಾಳೆ. ಗಂಡ ಮೆಲ್ಲಗೆ ಎದ್ದು ನೀರು ಕುಡಿಯಲು ಹೋದರು. ನಾನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಪಿನ್ನು, ಎಣ್ಣೆ, ಕಾಗದದ ಆಟ, ಲಕೋಟೆ, ಒಂದೂ ಬಿಡಲಿಲ್ಲ. ಹೇಳುತ್ತ ಮತ್ತೆ ಅಳು ಬಂತು.

ಅತ್ತೆ ಕೇಳಿದರು: "ಕತ್ತರಿ ಬಿದ್ದಾಗ ಕೂಸು ಎಲ್ಲಿ ಕುಂತಿತ್ತು?"

"ಆ ಫೋಟೋದವರ ತೊಡಿ ಮ್ಯಾಲರಿ."

"ಕತ್ತರಿ ಮ್ಯಾಲ ಅವನ ಕೈ ಇತ್ತ?"

"ಇತ್ತರಿ, ಅತ್ತಿ."

ಅವರು ಸ್ವಲ್ಪ ಹೊತ್ತು ಅಡಿಕೆ ಅಗಿದರು.

"ಮತ್ತ ಅಳತಿ ಯಾಕ? ತೊಡಿ ಮ್ಯಾಲ ಕುಂದರಿಸಿಕೊಂಡು ಮೊದಲನೇ ಕತ್ತರಿ ಆಡಿಸಿದಂವ ಸೋದರಮಾವ ಅಲ್ಲದ ಇನ್ನ್ಯಾರ? ನಿನಗ ಅಣ್ಣತಮ್ಮ ಇಲ್ಲ ಅನ್ನೂದು ನಮಗ ಗೊತ್ತೈತಿ, ಮಲ್ಲಯ್ಯಗ ಗೊತ್ತಿಲ್ಲನ? ಅಲ್ಲೇ ಒಬ್ಬಾಂವನ್ನ ಹುಡುಕಿ ಕೊಟ್ಟಾನ."

ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅವರ ದನಿ ಗಡುಸಾಯಿತು. "ತಪ್ಪ ಮಾಡಿದ್ದು ಬ್ಯಾರೇನ ಐತಿ. ಜಾವಳದ ಸೋದರಮಾವನ್ನ ಬರಿಗೈಲೆ ಬಿಟ್ಟ ಬಂದಿ. ನಾಳೆ ಹೋಗಿ ಟವೆಲ್ ಟೋಪಿ ಹಾಕಿ ಬಾ. ಆ ಲಕೋಟಿ ಜ್ವಾಕಿ."

ಮದುವೆಯಾಗಿ ಬಂದಾಗಿನಿಂದ ಅತ್ತೆಯ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಅದೇ ಮೊದಲು. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಟವೆಲ್ ಟೋಪಿಗೆ ಹುಡುಕಾಡಬೇಕಾಗಲಿಲ್ಲ. ನಮ್ಮ ಕಡೆಯವರ ಯಾವ ಟ್ರಂಕು ತೆರೆದರೂ ಯಾರದೋ ಮದುವೆಯಲ್ಲಿ ಆಯೇರಿ ಎಂದು ಉಡುಗೊರೆಯಾಗಿ ಬಂದ ಒಂದು ಟವೆಲ್ಲು, ಒಂದು ಬಿಳಿ ಟೋಪಿ ಮಡಿಕೆ ಬಿಚ್ಚದೆ ಇದ್ದೇ ಇರುತ್ತವೆ. ಅವು ಕೀನ್ಯಾಕ್ಕೂ ಬಂದಿದ್ದವು. ಮಾರನೆಯ ದಿನ ಅವನ್ನೂ, ತೆಂಗಿನಕಾಯಿಯನ್ನೂ, ಚಿಟಿಕೆ ಭಂಡಾರವನ್ನೂ ತೆಗೆದುಕೊಂಡು ಮಗಳ ಜೊತೆ ಹೊರಟೆ. ನನ್ನನ್ನು ಕಂಡದ್ದೇ ಫೋಟೋದವರು ಮೇಜಿನ ಮೇಲಿನ ಕತ್ತರಿಯನ್ನು ಡ್ರಾಯರಿನೊಳಗೆ ಹಾಕಿ ಎದ್ದು ನಿಂತರು.

ನಾನು ಏನೂ ಹೇಳದೆ ಅವರ ಹೆಗಲಿಗೆ ಟವೆಲ್ಲು ಹೊದಿಸಿ, ತಲೆಗೆ ಟೋಪಿ ಇಟ್ಟು, ಹಣೆಗೆ ಭಂಡಾರ ಹಚ್ಚಿದೆ. ಆಮೇಲೆ ವಿವರಿಸಿದೆ. ಕೂಸಿನ ಮೊದಲ ಕೂದಲು ತೆಗೆಯುವವನು ತಾಯಿಯ ಅಣ್ಣ. ನನಗೆ ಅಣ್ಣ ಇಲ್ಲ. ತೆಗೆದವರು ನೀವು.

ಅವರು ಕುರ್ಚಿಯ ಮೇಲೆ ಕೂತರು. ತಾಯಿಯ ಅಣ್ಣನಿಗೆ ತಮ್ಮಲ್ಲೂ ಬೇರೆಯೇ ಹೆಸರಿದೆ, ಮ್ಜೊಂಬಾ ಎನ್ನುತ್ತೇವೆ, ಅವನು ಇಲ್ಲದೆ ಮಕ್ಕಳ ದೊಡ್ಡ ಕಾರ್ಯಗಳು ನಡೆಯುವುದಿಲ್ಲ ಎಂದರು. ಇನ್ನು ತಾವು ಏನೇನು ಮಾಡಬೇಕು ಎಂದೂ ಕೇಳಿದರು. ಮದುವೆಯಲ್ಲಿ ಸೋದರಸೊಸೆಯನ್ನು ಮಂಟಪಕ್ಕೆ ಕರೆತರುವವನು ಸೋದರಮಾವನೇ, ಕೆಲವರು ಎತ್ತಿಕೊಂಡೇ ಬರುತ್ತಾರೆ ಎಂದೆ. ಅವರು ಮಗಳನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದರು.

"ಆಗ ನನಗೆ ಎಪ್ಪತ್ತು ಹತ್ತಿರವಾಗಿರುತ್ತದೆ. ಇವಳಿಗೆ ಸ್ವಲ್ಪ ಕಡಿಮೆ ಉಣ್ಣಿಸಿ," ಎಂದರು.

ಮುಂದಿನ ಭಾನುವಾರ ಅವರೂ ಅವರ ಹೆಂಡತಿಯೂ ನಮ್ಮ ಕ್ವಾರ್ಟರ್ಸಿಗೆ ಬಂದರು. ಅವರು ಆ ಬಿಳಿ ಟೋಪಿ ಹಾಕಿಕೊಂಡೇ ಬಂದಿದ್ದರು. ಕಂಕುಳಲ್ಲಿ ಒಂದು ಜೀವಂತ ಹೇಂಟೆ ಇತ್ತು, ಸೊಸೆಗೆ ಮಾವನ ಕಾಣಿಕೆ. ಕೊನೆಗೂ ಒಂದು ಕುಕು ಮನೆಗೆ ಬಂತೆಂದು ಮಗಳು ಅಂಗಳವಿಡೀ ಕುಣಿದಳು. ನಮ್ಮ ಮನೆಯಲ್ಲಿ ಕೋಳಿ ತಿನ್ನುವವರಿಲ್ಲ, ಹಾಗಾಗಿ ಆ ಹೇಂಟೆ ನಮ್ಮೊಂದಿಗೆ ಸುಖವಾಗಿ ಬಾಳಿತು. ನಾವು ಊರಿಗೆ ಹೋದ ಮೂರು ವಾರ ಅದನ್ನು ನೋಡಿಕೊಂಡವರೂ ಅವರೇ.

ಊರಿಗೆ ಬಂದ ಮೇಲೆ, ಮಲ್ಲಯ್ಯನ ವಾರವೆಂದು ಮಂಗಸೂಳಿಗೆ ಭಾನುವಾರವೇ ಹೋದೆವು. ಅತ್ತೆ, ಮಾವ, ಅಕ್ಕಂದಿರು, ದಿಗ್ಗೇವಾಡಿಯಿಂದ ಅವ್ವ. ದೊಡ್ಡಪ್ಪನ ಮಗನೂ ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಎರವಲು ಹೋಗಿ ಹೋಗಿ ಅವನನ್ನು ಕರೆಯಬೇಕಾಗಿಯೇ ಇರಲಿಲ್ಲ. ಗುಡಿಯ ಕಟ್ಟೆ, ಮೆಟ್ಟಿಲು, ಜನರ ತಲೆ, ಎಲ್ಲ ಭಂಡಾರದಿಂದ ಹಳದಿಯಾಗಿದ್ದವು. ಕ್ಷೌರದವರು ನೀರಿನ ತಂಬಿಗೆ ಪಕ್ಕಕ್ಕಿಟ್ಟು, ಮಣೆ ಹಾಕಿ, ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದರು.

"ಸೋದರಮಾವ ಯಾರ್ರಿ? ಬಂದ ಕುಂದರ್ರಿ."

ಅವ್ವನ ಕೈ ಸೆರಗಿಗೆ ಹೋಯಿತು. ದೊಡ್ಡಪ್ಪನ ಮಗ ಎರಡು ಹೆಜ್ಜೆ ಮುಂದೆ ಬಂದ. ಅತ್ತೆ ಅವನನ್ನು ಕೈಯಿಂದಲೇ ತಡೆದು, ನಡುವಿನ ಚೀಲದಿಂದ ಲಕೋಟೆ ತೆಗೆದು ಕ್ಷೌರದವರ ಮುಂದಿಟ್ಟರು.

"ಸೋದರಮಾವ ದೂರ ಅದಾನರಿ, ಬರಾಕ ಆಗಿಲ್ಲ. ಅವನ ಕತ್ತರಿ ಆಗಲೇ ಮುಗದೈತಿ, ಇದು ಅವನ ಪಾಲಿಂದು. ಉಳದದ್ದು ನೀವು ತಗೀರಿ."

"ಹಂಗಾರ ಕೂಸು ಯಾರ ತೊಡಿ ಮ್ಯಾಲರಿ?"

ಅತ್ತೆ ಅವ್ವನ ಕಡೆ ತಿರುಗಿದರು. "ಬರ್ರಿ ಬೀಗತ್ಯಾರ. ನಿಮ್ಮ ಮಗನ ಜಾಗಾ ಐತಿ ಇದು. ಅಂವ ಬರೂತನಾ ನೀವ ಕುಂದರ್ರಿ."

ಅವ್ವ ಸೆರಗು ಸರಿಮಾಡಿಕೊಂಡಳು. ಎಲ್ಲಿಗೂ ಹೋಗಲಿಲ್ಲ. ಮಣೆಯ ಮೇಲೆ ಕೂತು, ಮೊಮ್ಮಗಳನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, "ಹೂಂ, ತಗೀರಿ," ಎಂದಳು.